ಒಂದು ತಿಂಗಳ ಸಣ್ಣ ಸವಾಲು: ಯಾವುದು ಕೈಹಿಡಿಯುತ್ತೆ, ಯಾವುದು ಮೂರನೇ ವಾರಕ್ಕೆ ಬಿದ್ದುಹೋಗುತ್ತೆ?

ಜಯನಗರ_ಈಸ್ಟ್

ಹೊಸ ತಿಂಗಳು ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ಹಾಕ್ತಿದ್ದೇನೆ. ಐದಕ್ಕೆ ಎದ್ದು ಧ್ಯಾನ, ಹತ್ತು ಸಾವಿರ ಹೆಜ್ಜೆ, ಸಕ್ಕರೆ ಬಂದ್, ದಿನಕ್ಕೆ 50 ಪುಟ ಓದು – ಇಂಥ ಪಟ್ಟಿಗಳಿಗೆ ಬರವಿಲ್ಲ. ಬೇಕಿರುವುದು ಬೇರೆ. ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಮನೆ ಸೇರುವವರು ದಿನಕ್ಕೆ 15–20 ನಿಮಿಷದಲ್ಲಿ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ, ತಿಂಗಳ ಕೊನೆಗೆ ಮನಸ್ಸು ನಿಜಕ್ಕೂ ಹಗುರಾಗುವಂಥ ಸವಾಲುಗಳು ಬೇಕು. ಹೇಗೆ ಮಾಡೋದು, ಎಲ್ಲಿ ಕೈಕೊಡುತ್ತೆ, ಯಾಕೆ ಕೈಕೊಡುತ್ತೆ – ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ವಿಜಯನಗರ_ಮೇಷ್ಟ್ರು

ಯಾವ ಸವಾಲು ಅನ್ನುವುದಕ್ಕಿಂತ ಮೊದಲು ಅದನ್ನು ಹೇಗೆ ಕಟ್ಟಬೇಕು ಅನ್ನುವುದು ಮುಖ್ಯ. ಆರಂಭಶೂರತ್ವ ನಮ್ಮಲ್ಲಿ ಯಾರಿಗೂ ಕಡಿಮೆಯಿಲ್ಲ, ಸಮಸ್ಯೆ ಇರುವುದು ಕಟ್ಟುವಿಕೆಯಲ್ಲಿ.

ಮೊದಲು 21 ದಿನದ ಲೆಕ್ಕ ಬಿಟ್ಟುಬಿಡಿ. ಅದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತು. ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಹಿಡಿಯುತ್ತದೆ ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಉದುರಿಹೋಯಿತು, ಮುಖದ ಮಾತು ಅಭ್ಯಾಸದ ಮಾತಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿ ಆಗುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254 ಎಂಬ ಅಂದಾಜು. ನೀರು ಕುಡಿಯುವಂಥದ್ದು ಬೇಗ ಕೂತಿತು, ವ್ಯಾಯಾಮ ನಿಧಾನ. ಹಾಗಾಗಿ 30ನೇ ದಿನವೂ ಕಷ್ಟ ಅನಿಸಿದರೆ ಏನೋ ಕೆಟ್ಟಿದೆ ಅಂತ ಅಲ್ಲ, ದಾರಿ ಅರ್ಧ ಸವೆದಿದೆ ಅಷ್ಟೆ.

ಕಟ್ಟುವ ವಿಧಾನ ಹೀಗೆ:

ಸವಾಲನ್ನು ಗಡಿಯಾರಕ್ಕೆ ಕಟ್ಟಬೇಡಿ, ಈಗಾಗಲೇ ಮಾಡುತ್ತಿರುವ ಕೆಲಸದ ಬೆನ್ನಿಗೆ ಕಟ್ಟಿ. ‘ಸಂಜೆ 7.30ಕ್ಕೆ ನಡೆಯುತ್ತೇನೆ’ ಅಂದರೆ ಒಂದು ಮಳೆ ಬಂದು ಟ್ರಾಫಿಕ್ ನಿಂತ ದಿನವೇ ಮುರಿಯುತ್ತದೆ. ‘ಬಸ್ ಇಳಿದ ತಕ್ಷಣ, ಮನೆ ಕಡೆಯ ನೇರ ರಸ್ತೆ ಬಿಟ್ಟು ಪಾರ್ಕ್ ಸುತ್ತಿ ಹೋಗುತ್ತೇನೆ’ ಅಂದರೆ ಏಳಕ್ಕೆ ಇಳಿದರೂ ಒಂಬತ್ತಕ್ಕೆ ಇಳಿದರೂ ನಡೆಯುತ್ತದೆ. ‘ಇದಾದಾಗ ಅದು ಮಾಡುತ್ತೇನೆ’ ಎಂಬ ಈ ವಾಕ್ಯವನ್ನು ಪೀಟರ್ ಗೊಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ತೊಂಬತ್ತರ ದಶಕದಿಂದ ಪರೀಕ್ಷೆ ಮಾಡುತ್ತಾ ಬಂದರು. ಬರೀ ‘ಮಾಡಬೇಕು’ ಅಂದುಕೊಂಡವರಿಗಿಂತ ಹೀಗೆ ನಿಗದಿ ಮಾಡಿಕೊಂಡವರು ಹೆಚ್ಚು ಪೂರೈಸುತ್ತಾರೆ. ಕಾಗದದ ಮೇಲೆ ಒಂದೇ ವಾಕ್ಯ ಬರೆಯಿರಿ. ವಾಕ್ಯದಲ್ಲಿ ಜಾಗ ಇರಬೇಕು, ಮುಂಚಿನ ಕೆಲಸ ಇರಬೇಕು, ಅಳತೆ ಇರಬೇಕು.

ಅಳತೆ ಎರಡು ಇಟ್ಟುಕೊಳ್ಳಿ. ಒಂದು ಮಾಮೂಲಿ ದಿನದ್ದು, ಇನ್ನೊಂದು ತಲೆನೋವಿನ ದಿನದ್ದು. ನಡಿಗೆಗೆ 20 ನಿಮಿಷ ಮಾಮೂಲಿ, ತಲೆನೋವಿನ ದಿನ ಗೇಟಿನ ತನಕ ಹೋಗಿ ಬಂದರೂ ಲೆಕ್ಕಕ್ಕೆ ಬರುತ್ತದೆ. ಒಂದು ದಿನ ತಪ್ಪಿದರೆ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗುವುದಿಲ್ಲ, ಲ್ಯಾಲಿಯವರ ಅಧ್ಯಯನದಲ್ಲೂ ಅದೇ ಕಂಡದ್ದು. ಸತತ ಎರಡು ದಿನ ತಪ್ಪದಂತೆ ನೋಡಿಕೊಳ್ಳಿ, ಸಾಕು.

ಲೆಕ್ಕಕ್ಕೆ ಆ್ಯಪ್ ಬೇಡ. ಅಡುಗೆಮನೆ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ತಾರೀಕಿನ ಮೂಲೆಗೆ ಪೆನ್ಸಿಲ್‌ನಿಂದ ಒಂದು ಗೀಟು. ಗುರುತು ಹಾಕಲು ಫೋನ್ ತೆಗೆದರೆ ಹಾಕಿದ ಮೇಲೂ ಅದು ಕೈಯಲ್ಲೇ ಉಳಿಯುತ್ತದೆ.

ಹನುಮಂತನಗರ_ಹರಟೆ

ಮೇಷ್ಟ್ರೇ, ಒಪ್ಪಿದೆ, ಒಂದು ಮಾತು ಬಿಟ್ಟು. ಸಾಲಾಗಿ ಗೀಟು ಹಾಕುತ್ತಾ ಹೋದರೆ ಸಾಲು ಮುರಿದ ದಿನ ಎಲ್ಲವೂ ಮುರಿದಂತೆ ಅನಿಸುತ್ತದೆ, ಸವಾಲು ಬಿಡುವವರಲ್ಲಿ ಬಹಳ ಮಂದಿ ಅವತ್ತೇ ಬಿಡುತ್ತಾರೆ. ಅದಕ್ಕೆ ಸಾಲನ್ನಲ್ಲ, ಮೊತ್ತವನ್ನು ಗುರಿ ಮಾಡಿಕೊಳ್ಳಿ. ತಿಂಗಳಿಗೆ 22 ಗೀಟು ಅಂದುಕೊಂಡರೆ ಹಬ್ಬ, ಊರು, ಜ್ವರ ಎಲ್ಲಕ್ಕೂ ಜಾಗ ಸಿಗುತ್ತದೆ.

ವಿಜಯನಗರ_ಮೇಷ್ಟ್ರು

ಸರಿಯಾದ ಮಾತು. 22 ಚೆನ್ನಾದ ಅಂಕಿ. ಎರಡು ದಿನದ ನಿಯಮವನ್ನೂ ಜೊತೆಗಿಟ್ಟುಕೊಳ್ಳಿ, ಇಲ್ಲದಿದ್ದರೆ ರಜೆಯ ಎಂಟೂ ದಿನ ಒಂದೇ ಕಡೆ ಸೇರಿಕೊಳ್ಳುತ್ತವೆ.

ತಾರಸಿ_ತೋಟ

ತಿಂಗಳ ಸವಾಲು ಅಂದರೆ ನನ್ನ ಮತ ಮೆಂತ್ಯ ಸೊಪ್ಪಿಗೆ. ಬಿತ್ತಿದ 25–30 ದಿನಕ್ಕೆ ಕೊಯ್ಲು, ಅಂದರೆ ಸವಾಲು ಮುಗಿಯುವುದಕ್ಕೂ ಸೊಪ್ಪು ತಟ್ಟೆಗೆ ಬರುವುದಕ್ಕೂ ಸರಿಹೋಗುತ್ತದೆ. ದಿನಕ್ಕೆ ಐದು ನಿಮಿಷ ಸಾಕು. ನಿನ್ನೆಗಿಂತ ಇವತ್ತು ಏನು ಬದಲಾಯಿತು ಎಂದು ಕಣ್ಣಿಗೆ ಕಾಣುವ ಕೆಲಸ ನಮ್ಮ ಬಹುತೇಕ ಉದ್ಯೋಗಗಳಲ್ಲಿ ಇಲ್ಲ, ಇಲ್ಲಿ ಇದೆ.

ಪಾತ್ರೆ: ಒಂದು ಅಡಿ ಅಗಲ, ಒಂದೂವರೆ ಅಡಿ ಉದ್ದ, 5–6 ಇಂಚು ಆಳದ ಟ್ರೇ. ಹಣ್ಣಿನ ಅಂಗಡಿಯ ಥರ್ಮಾಕೋಲ್ ಪೆಟ್ಟಿಗೆಯೂ ಆದೀತು. ತಳಕ್ಕೆ 8 ತೂತು, ಪೆನ್ಸಿಲ್ ಹೋಗುವಷ್ಟು. ಟ್ರೇ ಕೆಳಗೆ ಎರಡು ಇಟ್ಟಿಗೆ ತುಂಡು ಇಡಿ. ನೆಲಕ್ಕೆ ಒತ್ತಿ ಕೂತರೆ ತೂತು ಇದ್ದೂ ಪ್ರಯೋಜನವಿಲ್ಲ.

ಮಣ್ಣು: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಕೋಕೋಪೀಟ್ ಇಟ್ಟಿಗೆಯನ್ನು ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು ಹಿಂಡಿ ಬಳಸಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಬರೀ ಕೆಂಪು ಮಣ್ಣು ಹಾಕಿದರೆ ನಾಲ್ಕು ಸಲ ನೀರು ಬಿದ್ದಮೇಲೆ ಗಟ್ಟಿಯಾಗಿ ಮೊಳಕೆಗೆ ಏಳಲು ಬಿಡುವುದಿಲ್ಲ.

ಬೀಜ: ಅಡುಗೆಮನೆಯ ಮೆಂತ್ಯವೇ ಸಾಕು, ತೀರಾ ಹಳೆಯದಾಗಿರಬಾರದು. ಈ ಅಳತೆಯ ಟ್ರೇಗೆ ಒಂದು ಟೇಬಲ್ ಚಮಚ. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ತೇವ ಮಾಡಿದ ಮಣ್ಣಿನ ಮೇಲೆ ಉದುರಿಸಿ, ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಹರಡಿ. ಒಂದು ಇಂಚು ಹಾಕಬೇಡಿ, ಬೀಜ ಒಳಗೇ ಕೊಳೆಯುತ್ತದೆ. ನೀರು ಕೈಯಿಂದ ಚಿಮುಕಿಸಿ. ಚೊಂಬಿನಿಂದ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಕೊಂಡು ಹೋಗುತ್ತದೆ. 3–5 ದಿನಕ್ಕೆ ಮೊಳಕೆ.

ಬಿಸಿಲು ನಾಲ್ಕೈದು ಗಂಟೆ ಬೇಕು. ಪೂರ್ವದ ಬಾಲ್ಕನಿ ಉತ್ತಮ. ಸೆಪ್ಟೆಂಬರ್‌ನಿಂದ ಫೆಬ್ರವರಿ ನಮ್ಮೂರಲ್ಲಿ ಇದಕ್ಕೆ ಹದವಾದ ಕಾಲ. ಏಪ್ರಿಲ್‌ನಲ್ಲಾದರೆ ಮಧ್ಯಾಹ್ನದ ಬಿಸಿಲಿಗೆ ಮರೆ ಬೇಕು.

ಸವಾಲಿನ ವಾಕ್ಯ, ಮೇಷ್ಟ್ರ ಲೆಕ್ಕದಲ್ಲಿ: ‘ಬೆಳಗಿನ ಕಾಫಿ ಲೋಟ ಕೈಗೆ ಬಂದ ತಕ್ಷಣ ಟ್ರೇ ಹತ್ತಿರ ಹೋಗಿ, ಬೆರಳಿನ ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡುತ್ತೇನೆ.’ ಒಣಗಿದ್ದರೆ ನೀರು, ತೇವ ಇದ್ದರೆ ಬರೀ ನೋಡುವುದು. ಫೋಟೋ ಬೇಡ.

ಬಾಲ್ಕನಿ_ಎರಡನೇಮಹಡಿ

ಮೊಳಕೆ ಎರಡು ಇಂಚು ಬಂದು, ಎಲ್ಲ ಒಂದೇ ಕಡೆ ವಾಲಿ ಮಲಗಿಬಿಡುತ್ತಲ್ಲ ಮೇಡಂ, ಅದಕ್ಕೆ ಏನು ಕಾರಣ?

ತಾರಸಿ_ತೋಟ

ಬಗ್ಗಿ ನೋಡಿ, ಎರಡು ಬೇರೆ ಬೇರೆ ತೊಂದರೆ ಹೀಗೇ ಕಾಣಿಸುತ್ತವೆ. ದಂಟು ಬೆಳ್ಳಗೆ ಉದ್ದವಾಗಿ, ಬುಡ ಗಟ್ಟಿಯಾಗಿದ್ದು ಬೆಳಕಿನ ಕಡೆ ವಾಲಿದ್ದರೆ ಬಿಸಿಲು ಕಡಿಮೆ. ಟ್ರೇ ಜಾಗ ಬದಲಿಸಿ, ದಂಟಿಗೆ ಒಂದಿಷ್ಟು ಮಣ್ಣು ಏರಿಸಿ. ಮಣ್ಣಿಗೆ ತಾಗುವ ಜಾಗದಲ್ಲಿ ದಂಟು ದಾರದಷ್ಟು ತೆಳ್ಳಗಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಬೂಷ್ಟಿನ ಕಾಟ. ಬಿತ್ತನೆ ಒತ್ತಾಗಿದೆ, ನೀರು ಹೆಚ್ಚಾಗಿದೆ, ಗಾಳಿ ಆಡುತ್ತಿಲ್ಲ. ಮಲಗಿದವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು, ಎರಡು ದಿನ ನೀರು ನಿಲ್ಲಿಸಿ. ಸಂಜೆ ನೀರು ಹಾಕುವ ರೂಢಿ ಇದ್ದರೆ ಬೆಳಿಗ್ಗೆಗೆ ಬದಲಿಸಿ.

ಇನ್ನು ಪಾರಿವಾಳ. ಮೊದಲ ವಾರ ಹಳೆಯ ಸೊಳ್ಳೆಪರದೆ ತುಂಡು ಮುಚ್ಚಿ ನಾಲ್ಕು ಮೂಲೆಗೂ ಕಲ್ಲು ಇಡಿ. ಎರಡೆಲೆ ಬಂದಮೇಲೆ ತೆಗೆಯಿರಿ.

ಕೊಯ್ಯುವಾಗ ಬುಡದಿಂದ ಎರಡು ಬೆರಳು ಬಿಟ್ಟು ಕತ್ತರಿಸಿದರೆ ಸ್ವಲ್ಪ ಚಿಗುರುತ್ತದೆ, ಆದರೆ ಎರಡನೇ ಬೆಳೆ ತೆಳು. ಒಂದು ಟ್ರೇಯಲ್ಲಿ ಒಂದು ಸಣ್ಣ ಕಟ್ಟು ಸಿಗುತ್ತದೆ, ಮನೆಮಂದಿಗೆ ಒಂದು ಹೊತ್ತಿನ ಮೆಂತ್ಯ ಬಾತಿಗೆ ಆಗುತ್ತದೆ. ಅದರಲ್ಲಿ ಒಂದು ಹಿಡಿ ಪಕ್ಕದ ಮನೆಗೆ ಕೊಡುವುದನ್ನೂ ಸವಾಲಿಗೆ ಸೇರಿಸಿಕೊಳ್ಳಿ. ತಮಗಾಗಿ ಖರ್ಚು ಮಾಡಿದವರಿಗಿಂತ ಇನ್ನೊಬ್ಬರಿಗಾಗಿ ಖರ್ಚು ಮಾಡಿದವರು ಸಂಜೆ ಹೆಚ್ಚು ಸಂತೋಷವಾಗಿದ್ದರು ಎಂದು ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಡನ್ ಅವರ ತಂಡ 2008ರಲ್ಲಿ ತೋರಿಸಿತು. ಅಲ್ಲಿ ಕೊಟ್ಟ ಹಣ ಐದು ಅಥವಾ ಇಪ್ಪತ್ತು ಡಾಲರ್. ಮೊತ್ತದಿಂದ ವ್ಯತ್ಯಾಸ ಬರಲಿಲ್ಲ, ಯಾರಿಗಾಗಿ ಅನ್ನುವುದರಿಂದ ಬಂತು.

ಲಾಲ್‌ಬಾಗ್_ಬೆಳಗು

ನಡಿಗೆಯ ಬಗ್ಗೆ. ಹತ್ತು ಸಾವಿರ ಎಂಬ ಅಂಕಿ 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು, ವೈದ್ಯರಿಂದಲ್ಲ. 2019ರಲ್ಲಿ ಪ್ರಕಟವಾದ, ಸರಾಸರಿ 72 ವರ್ಷದ ಮಹಿಳೆಯರ ಮೇಲಿನ ದೊಡ್ಡ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆಗೇ ಸಾವಿನ ಅಪಾಯ ತಗ್ಗಿದ್ದು ಕಾಣಿಸಿತು, 7,500ರ ಆಸುಪಾಸು ದಾಟಿದ ಮೇಲೆ ಲಾಭ ಹೆಚ್ಚಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ಚಟುವಟಿಕೆ, ಅಂದರೆ ದಿನಕ್ಕೆ 22 ನಿಮಿಷ.

ಆದರೆ ಸಂತೋಷಕ್ಕೆ ಹೆಜ್ಜೆ ಎಣಿಸುವುದು ಅಷ್ಟಾಗಿ ಒದಗುವುದಿಲ್ಲ. ಎಣಿಸುತ್ತಾ ಹೊರಟರೆ ಕಣ್ಣು ಕೈಗಡಿಯಾರದ ಮೇಲೇ ಇರುತ್ತದೆ. ಅದರ ಬದಲು ಮರದ ಸವಾಲು ಮಾಡಿ: ಒಂದೇ ರಸ್ತೆ, ವಾರಕ್ಕೆ ಎರಡು ಮರ, ತಿಂಗಳಿಗೆ ಎಂಟು. ಬೆಂಗಳೂರಿನಷ್ಟು ಇದಕ್ಕೆ ಅನುಕೂಲವಾದ ಊರು ಕಡಿಮೆ. ಲಾಲ್‌ಬಾಗಿನ ಉಸ್ತುವಾರಿ ಹೊತ್ತಿದ್ದ ಜರ್ಮನಿಯ ಕ್ರುಂಬಿಗಲ್ ಅವರು ಒಂದು ಜಾತಿ ಹೂಬಿಟ್ಟು ಮುಗಿಸುವಷ್ಟರಲ್ಲಿ ಇನ್ನೊಂದು ಶುರುವಾಗಲಿ ಎಂದೇ ರಸ್ತೆಗಳಿಗೆ ಮರ ಆರಿಸಿದರು. ಅಕ್ಟೋಬರ್–ನವೆಂಬರ್‌ನಲ್ಲಿ ಆಕಾಶಮಲ್ಲಿಗೆ, ಚಳಿಗಾಲದಲ್ಲಿ ನಸುಗೆಂಪು ಟಬೂಬಿಯಾ, ಫೆಬ್ರವರಿ–ಮಾರ್ಚ್‌ನಲ್ಲಿ ಹಳದಿ ಟಬೂಬಿಯಾ, ಅದರ ಹಿಂದೆಯೇ ಜಕರಾಂಡ ಮತ್ತು ಹೊಂಗೆ, ಏಪ್ರಿಲ್–ಮೇನಲ್ಲಿ ಗುಲ್‌ಮೊಹರ್.

ಹೂವಿಲ್ಲದಾಗ ಗುರುತಿಸುವುದೇ ನಿಜವಾದ ಸವಾಲು. ಜಕರಾಂಡಕ್ಕೂ ಗುಲ್‌ಮೊಹರಿಗೂ ಎಲೆ ಒಂದೇ ಥರ ಗರಿಗರಿಯಾಗಿ ಕಾಣುತ್ತದೆ. ತಲೆಯೆತ್ತಿ ಕಾಯಿ ಹುಡುಕಿ. ಗುಲ್‌ಮೊಹರ್ ಕಾಯಿ ಕತ್ತಿಯಂತೆ ಚಪ್ಪಟೆ, ಒಂದೂವರೆ ಅಡಿಯ ತನಕ ಉದ್ದ, ಒಣಗಿ ಕಪ್ಪಾಗಿ ತಿಂಗಳುಗಟ್ಟಲೆ ನೇತಾಡುತ್ತದೆ. ಜಕರಾಂಡ ಕಾಯಿ ಅಂಗೈಗಿಂತ ಚಿಕ್ಕದು, ದುಂಡು, ಚಪ್ಪಟೆ. ಒಣಗಿದಾಗ ಚಿಪ್ಪಿನಂತೆ ಎರಡು ಹೋಳಾಗಿ ಬಾಯಿ ತೆರೆದು, ಒಳಗಿನ ಪೊರೆಯಂಥ ರೆಕ್ಕೆಯ ಬೀಜ ಗಾಳಿಗೆ ಬಿಡುತ್ತದೆ. ಹೊಂಗೆ ಎಲೆ ಎಣ್ಣೆ ಸವರಿದಂತೆ ಹೊಳೆಯುತ್ತದೆ, ಒಂದು ಕಡ್ಡಿಗೆ ಐದೋ ಏಳೋ ಎಲೆ, ಕಾಯಲ್ಲಿ ಸಾಮಾನ್ಯವಾಗಿ ಒಂದೇ ಬೀಜ. ಮಳೆಮರ ಸಂಜೆಯಾಗುತ್ತಲೇ, ಮೋಡ ಕವಿದಾಗಲೂ, ಎಲೆ ಮಡಿಚುತ್ತದೆ. ಆಫೀಸಿನಿಂದ ಬರುವವರಿಗೆ ಇದನ್ನು ನೋಡುವ ಹೊತ್ತು ತಾನಾಗಿ ಸಿಗುತ್ತದೆ.

ಕೈಕೊಡುವುದು ಎರಡು ಕಡೆ. ಫೋನಿನಲ್ಲಿ ಫೋಟೋ ತೆಗೆದು ಹೆಸರು ಹೇಳಿಸಿಕೊಂಡರೆ ಮರ ನೆನಪಿನಲ್ಲಿ ಕೂರುವುದಿಲ್ಲ. ಮೊದಲು ಎಲೆ, ತೊಗಟೆ, ಕಾಯಿ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು, ಮನೆಗೆ ಬಂದಮೇಲೆ ಹೆಸರು ಹುಡುಕಿ. ಎರಡನೆಯದು, ತಲೆ ಮೇಲೆತ್ತಿ ನಡೆಯುವುದಕ್ಕೆ ನಮ್ಮ ಫುಟ್‌ಪಾತ್ ಬಿಡುವುದಿಲ್ಲ, ಚಪ್ಪಡಿ ಎದ್ದಿರುತ್ತದೆ. ನೋಡುವಾಗ ನಿಲ್ಲಿ, ನಡೆಯುವಾಗ ನೆಲ ನೋಡಿ. ಬಿದ್ದ ಕಾಯಿ ಸಿಗುವುದೂ ಅಲ್ಲೇ.

ಪೀಣ್ಯ_ಎರಡನೇಹಂತ

ಫೋನ್ ವಿಚಾರ ಯಾರೂ ಎತ್ತಲಿಲ್ಲ. ‘ಇವತ್ತಿಂದ ಫೋನ್ ಕಡಿಮೆ’ ಅನ್ನೋದು ಸವಾಲಲ್ಲ, ಅದಕ್ಕೆ ಅಳತೆನೇ ಇಲ್ಲ. ಆ್ಯಪ್ ಡಿಲೀಟ್ ಮಾಡೋದೂ ನಿಲ್ಲಲ್ಲ, ಮತ್ತೆ ಹಾಕ್ಕೊಳ್ಳೋಕೆ ಅರ್ಧ ನಿಮಿಷ ಸಾಕು. ಜಾಗ ಬದಲಿಸೋದು ನಿಲ್ಲುತ್ತೆ. ಚಾರ್ಜರ್ ಮಲಗೋ ಕೋಣೆಯಿಂದ ಹೊರಗೆ, ಹಾಲ್‌ನಲ್ಲಿ. ಊಟ ಮುಗಿದು ತಟ್ಟೆ ಸಿಂಕಿಗೆ ಇಟ್ಟ ತಕ್ಷಣ ಫೋನ್ ಅಲ್ಲಿಗೆ. ಬೆಳಗಿನ ಕಾಫಿ ಆಗೋ ತನಕ ಅದು ಅಲ್ಲೇ.

ಎಲ್ಲರೂ ಹೇಳೋ ಮೊದಲ ತಕರಾರು ಅಲಾರಂ. ಒಂದು ಟೇಬಲ್ ಗಡಿಯಾರ ತಗೊಳ್ಳಿ, ಮುಗೀತು. ಎರಡನೆಯದು ನ್ಯಾಯವಾದದ್ದು: ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ರಾತ್ರಿ ಫೋನ್ ಬಂದರೆ? ಆಂಡ್ರಾಯ್ಡ್‌ನಲ್ಲಿ ‘ಡು ನಾಟ್ ಡಿಸ್ಟರ್ಬ್’ ಒಳಗೆ ಸ್ಟಾರ್ ಹಾಕಿದವರ ಕರೆಗೆ ಮಾತ್ರ ಅನುಮತಿ ಕೊಡಿ, ಮನೆಯವರ ನಂಬರಿಗೆಲ್ಲ ಸ್ಟಾರ್ ಹಾಕಿ. ಅಲ್ಲೇ ‘ರಿಪೀಟ್ ಕಾಲರ್ಸ್’ ಅಂತ ಇರುತ್ತೆ, ಅದನ್ನ ಆನ್ ಮಾಡಿದರೆ ಒಬ್ಬರೇ 15 ನಿಮಿಷದೊಳಗೆ ಎರಡನೇ ಸಲ ಮಾಡಿದಾಗ ರಿಂಗ್ ಆಗುತ್ತೆ. ರಿಂಗ್ ವಾಲ್ಯೂಮ್ ಪೂರ್ತಿ ಇಡಿ, ಬಾಗಿಲು ತೆರೆದಿಡಿ. ಇಷ್ಟು ಮಾಡಿ ಒಂದು ಸಲ ಮನೆಯವರಿಂದಲೇ ಫೋನ್ ಮಾಡಿಸಿ ಪರೀಕ್ಷೆ ಮಾಡ್ಕೊಳ್ಳಿ. ಆ ಧೈರ್ಯ ಇಲ್ಲದಿದ್ರೆ ಮೂರನೇ ದಿನಕ್ಕೆ ಫೋನ್ ದಿಂಬಿನ ಕೆಳಗೆ ವಾಪಸ್.

ಇನ್ನೊಂದು, ಕೈ ಖಾಲಿ ಇರಬಾರದು. ದಿಂಬಿನ ಪಕ್ಕ, ಫೋನ್ ಇರ್ತಿದ್ದ ಜಾಗದಲ್ಲೇ, ಪತ್ರಿಕೆಯ ಪದಬಂಧ ಮತ್ತೆ ಪೆನ್ಸಿಲ್ ಇಡಿ. ಕಥೆ ಪುಸ್ತಕ ಆದರೂ ಸರಿ, ಪರೀಕ್ಷೆಗೆ ಓದೋ ಪುಸ್ತಕ ಬೇಡ.

ಇಷ್ಟೆಲ್ಲ ಮಾಡಿದರೂ ಹಿಡಿತಕ್ಕೇ ಬರಲ್ಲ, ಓದು ಕೆಲಸ ಹಾಳಾಗ್ತಿದೆ ಅನ್ನೋ ಮಟ್ಟಕ್ಕೆ ಹೋಗಿದ್ರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ 2014ರಿಂದ ‘ಶಟ್’ ಕ್ಲಿನಿಕ್ ಇದೆ. ನಾಚಿಕೆ ಪಡೋ ವಿಷಯ ಅಲ್ಲ.

ಮಲ್ಲೇಶ್ವರ_ಎಂಟನೇಕ್ರಾಸ್

ಎಲ್ಲ ಒಬ್ಬೊಬ್ಬರೇ ಮಾಡುವ ಸವಾಲುಗಳೇ ಆದವು. ಜನರ ಜೊತೆಗಿನದು ಒಂದು: ವಾರಕ್ಕೆ ಮೂರು ಜನ ಅಪರಿಚಿತರ ಜೊತೆ ಒಂದೊಂದು ನಿಮಿಷ ಮಾತು. ಮನಶ್ಶಾಸ್ತ್ರಜ್ಞರಾದ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಶಿಕಾಗೋದ ರೈಲು, ಬಸ್ ಪ್ರಯಾಣಿಕರ ಮೇಲೆ ಇದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಪಕ್ಕದವರ ಜೊತೆ ಮಾತಾಡಿದರೆ ಕಿರಿಕಿರಿ ಎಂದೇ ಜನ ಊಹಿಸಿದ್ದರು. ಮಾತಾಡಿದವರ ಪ್ರಯಾಣ ಸುಮ್ಮನೆ ಕೂತವರದ್ದಕ್ಕಿಂತ ಹಿತವಾಗಿತ್ತು.

ಮಾಡುವ ಕ್ರಮ: ಇಬ್ಬರ ಕಣ್ಣೆದುರೂ ಇರುವ ವಸ್ತುವಿನಿಂದ ಶುರು ಮಾಡಿ, ಅವರಿಗೆ ಗೊತ್ತಿರುವುದನ್ನು ಕೇಳಿ. ‘ಈ ಬಸ್ ಮೆಜೆಸ್ಟಿಕ್‌ಗೆ ಹೋಗುತ್ತಾ?’ ಅಂದರೆ ಹೂಂ ಅಂದು ಮುಗಿಯಿತು. ಹೂ ಮಾರುವವರನ್ನು ‘ಅಮ್ಮಾ, ಈ ಕಾಕಡ ಎರಡು ದಿನ ಬಾಡದೆ ಇರೋಕೆ ಹೇಗೆ ಇಡಬೇಕು?’ ಅಂದು ನೋಡಿ, ಒದ್ದೆ ಬಟ್ಟೆಯಿಂದ ಬಾಳೆಲೆಯ ತನಕ ಹೇಳುತ್ತಾರೆ. ಗಿರಾಕಿ ನುಗ್ಗಿರುವ ಹೊತ್ತಲ್ಲಿ ಮಾತ್ರ ಬೇಡ. ಇಯರ್‌ಫೋನ್ ಹಾಕಿದವರು, ಕಣ್ಣು ಮುಚ್ಚಿದವರು – ಬಿಟ್ಟುಬಿಡಿ. ಒಂದು ನಿಮಿಷ ಆದಮೇಲೆ ನೀವೇ ಮುಗಿಸಿ.

ನಾಗರಭಾವಿ_ಅಕ್ಕ

ಇದನ್ನು ಹೆಣ್ಣುಮಕ್ಕಳಿಗೆ ಹಾಗೇ ಹೇಳಲಾಗದು ಸರ್. ಮೆಟ್ರೋದಲ್ಲಿ ಅಪರಿಚಿತ ಗಂಡಸಿನ ಜೊತೆ ತಾವಾಗಿ ಮಾತು ತೆಗೆಯಿರಿ ಅನ್ನುವುದು ಸುರಕ್ಷಿತ ಸಲಹೆ ಅಲ್ಲ. ಅವರಿಗೆ ಬೇರೆ ರೂಪ: ದಿನಾ ನೋಡುತ್ತೇವೆ, ಹೆಸರು ಗೊತ್ತಿಲ್ಲ – ಅಂಥವರ ಪಟ್ಟಿ ಮಾಡಿ. ಬೆಳಿಗ್ಗೆ ಕಸದ ಗಾಡಿ ತರುವವರು, ರಸ್ತೆ ಗುಡಿಸುವ ಪೌರಕಾರ್ಮಿಕರು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಇಸ್ತ್ರಿ ಅಂಗಡಿಯವರು, ಎದುರು ಫ್ಲಾಟಿನ ಅಜ್ಜಿ. ತಿಂಗಳಲ್ಲಿ ಹತ್ತು ಹೆಸರು. ಕೇಳುವ ಮೊದಲು ನಮ್ಮ ಹೆಸರು ಹೇಳಬೇಕು, ಇಲ್ಲದಿದ್ದರೆ ವಿಚಾರಣೆ ಥರ ಆಗುತ್ತದೆ. ಮಾರನೇ ದಿನವೇ ಆ ಹೆಸರು ಹಿಡಿದು ಕರೆಯಬೇಕು, ಜೊತೆಗೆ ಅಣ್ಣ, ಅಕ್ಕ, ಅಮ್ಮ ಇರಲಿ. ‘ನೀವು’ ಅನ್ನುವುದರಲ್ಲಿ ರಾಜಿ ಬೇಡ. ನಮಗಿಂತ ದೊಡ್ಡವರನ್ನು ಅವರ ಕೆಲಸ ನೋಡಿ ಏಕವಚನದಲ್ಲಿ ಕರೆಯುವ ಕೆಟ್ಟ ರೂಢಿ ನಮ್ಮ ಬಡಾವಣೆಗಳಲ್ಲಿದೆ, ಈ ಸವಾಲಿನಲ್ಲಿ ಅದೂ ಹೋಗಲಿ.

ಮಲ್ಲೇಶ್ವರ_ಎಂಟನೇಕ್ರಾಸ್

ನಾಗರಭಾವಿ ಅಕ್ಕನವರ ರೂಪ ಗಂಡಸರಿಗೂ ಮೇಲು. ಪಟ್ಟಿಯ ಗೀಟಿಗೂ ಸುಲಭ.

ಹನುಮಂತನಗರ_ಹರಟೆ

ಕೃತಜ್ಞತೆಯ ಡೈರಿ ಬಗ್ಗೆ ಎರಡೇ ಸಾಲು. ದಿನಾ ಬರೆಯಬೇಡಿ. ವಾರಕ್ಕೊಮ್ಮೆ ಬರೆದವರಿಗೆ ಸಂತೋಷ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರಿಗೆ ಹೆಚ್ಚಲಿಲ್ಲ ಎಂದು ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿಯವರ ಅಧ್ಯಯನದಲ್ಲಿ ಕಂಡಿದೆ. ಪದೇ ಪದೇ ಮಾಡಿದರೆ ಅದು ಬರೀ ಶಾಸ್ತ್ರವಾಗುತ್ತದೆ. ಭಾನುವಾರ ಸಂಜೆ ಐದು ಸಾಲು, ಪ್ರತಿ ಸಾಲಿನಲ್ಲೂ ಒಬ್ಬ ವ್ಯಕ್ತಿ ಮತ್ತು ಅವರು ಮಾಡಿದ ಒಂದು ಕೆಲಸ. ‘ಆರೋಗ್ಯ, ಕುಟುಂಬ’ ಅಂತ ಬರೆದರೆ ಮುಂದಿನ ವಾರವೂ ಅದನ್ನೇ ಬರೆಯುತ್ತೀರಿ.

ಕೋರಮಂಗಲ_ನೈಟ್‌ಶಿಫ್ಟ್

ರಾತ್ರಿ ಪಾಳಿಯವರಿಗೆ ಇವೆಲ್ಲ ಹೇಗೆ?

ವಿಜಯನಗರ_ಮೇಷ್ಟ್ರು

ಅದಕ್ಕೇ ಗಡಿಯಾರ ಬೇಡ ಅಂದದ್ದು. ನಿಮ್ಮ ‘ಬೆಳಿಗ್ಗೆ’ ಎಂದರೆ ನೀವು ಎದ್ದ ಹೊತ್ತು. ಪಾಳಿಯವರಿಗೆ ಮೊದಲ ಸವಾಲು ನಿದ್ದೆಯದ್ದೇ ಆಗಲಿ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಬೆಳಿಗ್ಗೆ ಎಂಟಕ್ಕೆ ಮಲಗುವವರು ರಾತ್ರಿ ಒಂದರ ನಂತರ ಕಾಫಿ ಮುಟ್ಟಬಾರದು. ಕಿಟಕಿಗೆ ದಪ್ಪ ಪರದೆ. ಪಾಳಿ ವಾರಕ್ಕೊಮ್ಮೆ ಬದಲಾಗುವುದಾದರೆ 22 ಗೀಟಿನ ಗುರಿಯನ್ನು 15ಕ್ಕೆ ಇಳಿಸಿ.

ನಾಗರಭಾವಿ_ಅಕ್ಕ

ಇದೂ ಇಲ್ಲಿ ಇರಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ಏರುಪೇರಾಗಿದೆ, ಬದುಕು ಬೇಡ ಅನಿಸುತ್ತಿದೆ ಎನ್ನುವವರಿಗೆ ಸವಾಲು ಕೊಡಬೇಡಿ. ಅದು ತಪ್ಪಿದರೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಧ್ಯವಾದರೆ ಕರೆ ಮಾಡುವಾಗ ಪಕ್ಕದಲ್ಲಿ ಕೂತಿರಿ.

ಜಯನಗರ_ಈಸ್ಟ್

ಎಲ್ಲರಿಗೂ ಧನ್ಯವಾದ. ಈ ತಿಂಗಳಿಗೆ ಮೆಂತ್ಯ, ಗುರಿ 22 ಗೀಟು ಅಂತ ಕ್ಯಾಲೆಂಡರಿನ ಮೇಲೆ ಬರೆದಾಯಿತು. ತಾರಸಿ ತೋಟದ ಮೇಡಂ, ಕೊಯ್ದ ಮೇಲೆ ಟ್ರೇ ಖಾಲಿಯಾಗುತ್ತಲ್ಲ, ಆಮೇಲೆ ಏನು ಮಾಡೋದು?

ತಾರಸಿ_ತೋಟ

ಕೊಯ್ಯುವ ತನಕ ಕಾಯಬೇಡಿ. ಹದಿನೈದನೇ ದಿನ ಇನ್ನೊಂದು ಟ್ರೇಗೆ ಬಿತ್ತಿ. ಮೊದಲನೆಯದು ಖಾಲಿಯಾದಾಗ ಎರಡನೆಯದು ನಾಲ್ಕು ಇಂಚು ಬಂದಿರುತ್ತದೆ, ಬೆಳಗಿನ ಕೆಲಸ ನಿಲ್ಲುವುದಿಲ್ಲ. ಖಾಲಿ ಟ್ರೇಯ ಬೇರು ತೆಗೆದು, ಮಣ್ಣು ಎರಡು ದಿನ ಬಿಸಿಲಿಗೆ ಹರಡಿ, ಎರಡು ಹಿಡಿ ಎರೆಗೊಬ್ಬರ ಬೆರೆಸಿ. ಅದರಲ್ಲಿ ಮತ್ತೆ ಮೆಂತ್ಯ ಬೇಡ, ಕೊತ್ತಂಬರಿ ಹಾಕಿ. ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಬೇಕು, ಮೊಳಕೆಗೆ 8–12 ದಿನ ಹಿಡಿಯುತ್ತದೆ. ಐದನೇ ದಿನಕ್ಕೆ ಏನೂ ಕಾಣಲಿಲ್ಲ ಅಂತ ಕೆದಕಬೇಡಿ.